ತಯಾರಿ ಪುಣೆಯ ಚಳಿಯಲ್ಲಿ, ಓಟ ಮುಂಬೈ ಸೆಕೆಯಲ್ಲಿ

ದೀಪಾವಳಿ ಕಳೆದು ಎರಡು ವಾರ ಆಯಿತು. ಮೊನ್ನೆ ಬೆಳಿಗ್ಗೆ ಐದೂವರೆಗೆ ಕೆಳಗೆ ಇಳಿದಾಗ ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾ ಮಂಕಿ ಕ್ಯಾಪ್ ಹಾಕಿ, ಎರಡೂ ಕೈಯನ್ನು ಬಗಲಲ್ಲಿ ಇಟ್ಟುಕೊಂಡು ಕೂತಿದ್ದರು. ಅವರ ಟೋಪಿ ಹೊರಗೆ ಬಂತೆಂದರೆ ಪುಣೆಯ ನಮ್ಮ ಕೋಥ್ರೂಡ್‌ಗೆ ಚಳಿ ಬಂತು ಎಂದೇ ಲೆಕ್ಕ.

ಓಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್ ಇರುತ್ತದೆ. ನಾನು ಅದರಲ್ಲಿ ಹಾಫ್ ಓಡುತ್ತೇನೆ, ಅಂದರೆ 21.1 ಕಿಲೋಮೀಟರ್. ಕೈಯಲ್ಲಿ ಇನ್ನು ಹತ್ತು ವಾರ ಇದೆ. ಈ ಸಲ ಆಫೀಸಿನ ಇಬ್ಬರು ಹುಡುಗಿಯರು, ಕೆಳಗಿನ ಮನೆಯ ವೈನಿ, ಬೆಳಗಾವಿಯಿಂದ ಹೊಸದಾಗಿ ಬಂದ ಒಬ್ಬ ಗೆಳತಿ ಎಲ್ಲರೂ ಓಡಬೇಕು ಅಂತಿದ್ದಾರೆ. ನಾಲ್ಕೂ ಜನ ಕೇಳಿದ ಮೊದಲ ಪ್ರಶ್ನೆ ಒಂದೇ: ಯಾವ ಶೂ ತಗೊಳ್ಳಲಿ, ಯಾವ ಜಾಕೆಟ್ ತಗೊಳ್ಳಲಿ? ನಾನು ಎಲ್ಲರಿಗೂ ಮರುಪ್ರಶ್ನೆ ಹಾಕಿದೆ. ಎಲ್ಲಿ ಓಡ್ತೀರಿ, ಎಷ್ಟು ಗಂಟೆಗೆ ಓಡ್ತೀರಿ, ಎಷ್ಟು ದೂರ ಓಡ್ತೀರಿ? ಅದು ಗೊತ್ತಿಲ್ಲದೆ ಅಂಗಡಿಗೆ ಹೋದರೆ ಅಂಗಡಿಯವರು ಏನು ಕೊಡುತ್ತಾರೋ ಅದನ್ನೇ ತರುತ್ತೇವೆ ಅಲ್ವಾ.

ಇದನ್ನೆಲ್ಲ ಬರೆಯಲು ನನಗೆ ಒಂದು ಕಾರಣ ಇದೆ. ಹೋದ ಜನವರಿಯಲ್ಲಿ ಆಗಿದ್ದು ಅದು.

ಹೋದ ಡಿಸೆಂಬರ್‌ನಲ್ಲಿ ನಾನು ತುಂಬಾ ಚೆನ್ನಾಗಿ ಓಡುತ್ತಿದ್ದೆ. ಬೆಳಿಗ್ಗೆ 11 ಡಿಗ್ರಿ, ಒಣ ಗಾಳಿ, ಪುಣೆ ಯೂನಿವರ್ಸಿಟಿಯ ಒಳಗಿನ ಮರಗಳ ಸಾಲು, ಒಂದೊಂದು ಸಲ ನವಿಲಿನ ಕೂಗು. 16 ಕಿಲೋಮೀಟರ್ ಓಡಿ ಮುಗಿಸಿದರೂ ಇನ್ನೂ ಓಡಬಹುದು ಅನ್ನಿಸುತ್ತಿತ್ತು. ಕಿಲೋಮೀಟರಿಗೆ 6 ನಿಮಿಷ 25 ಸೆಕೆಂಡ್ ಪೇಸ್ ಸಲೀಸಾಗಿ ಬರುತ್ತಿತ್ತು. ಅದನ್ನೇ 21.1ಕ್ಕೆ ಎಳೆದರೆ ಸುಮಾರು 2 ಗಂಟೆ 15 ನಿಮಿಷ ಆಗುತ್ತದೆ. ಹಾಗಾಗಿ 2:15 ಎಂದು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಮನೆಯವರು, ಮಗಳು ಎಲ್ಲರೂ ದಿನಾ ನೋಡುತ್ತಿದ್ದರು.

ಜನವರಿಯಲ್ಲಿ ಮುಂಬೈನ ಮಾಹಿಮ್‌ನಲ್ಲಿ ಕತ್ತಲಿದ್ದಾಗಲೇ ಸಾಲಿನಲ್ಲಿ ನಿಂತೆ. ಮೈಮೇಲೆ ಪುಣೆಯಲ್ಲಿ ಎರಡು ತಿಂಗಳು ಹಾಕಿ ಓಡಿದ್ದ ಅದೇ ಪೂರ್ತಿ ತೋಳಿನ ಟೀ ಶರ್ಟ್. ಓಟದ ದಿನ ಹೊಸ ಬಟ್ಟೆ ಹಾಕಬಾರದು ಎಂಬ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದೆ. ಸೀ ಲಿಂಕ್ ಸೇತುವೆ ಮೇಲೆ ಗಾಳಿ ಇತ್ತು, ಏನೂ ಗೊತ್ತಾಗಲಿಲ್ಲ. ವರ್ಳಿ ದಾಟುವಷ್ಟರಲ್ಲಿ ಟೀ ಶರ್ಟ್ ಒದ್ದೆಯಾಗಿ ಮೈಗೆ ಅಂಟಿಕೊಂಡಿತು. ಹಾಜಿ ಅಲಿ ಹತ್ತಿರ ಎದೆ ಬಡಿತ ಗಡಿಯಾರದಲ್ಲಿ ನಾನು ಯಾವತ್ತೂ ನೋಡದ ಅಂಕಿಗೆ ಏರಿತ್ತು. ಪೆಡರ್ ರೋಡ್ ಏರು ಬಂದಾಗ ಕಾಲು ನಡೆಯಲು ಶುರು ಮಾಡಿತು, ನಾನು ಹೇಳದೆಯೇ. ಅಲ್ಲಿಂದ ಮರೀನ್ ಡ್ರೈವ್‌ವರೆಗೆ ಒಂದಿಷ್ಟು ಓಡಿ, ಒಂದಿಷ್ಟು ನಡೆದು, 2 ಗಂಟೆ 38 ನಿಮಿಷಕ್ಕೆ ಮುಗಿಸಿದೆ. ಮೆಡಲ್ ಹಾಕಿಕೊಂಡು ಆಜಾದ್ ಮೈದಾನದ ಮೂಲೆಯಲ್ಲಿ ಕೂತು ಅತ್ತೆ. ಟೈಮ್ ತಪ್ಪಿದ್ದಕ್ಕಿಂತ, ಎರಡು ತಿಂಗಳು ಮಾಡಿದ ತಯಾರಿ ಎಲ್ಲಿ ಹೋಯಿತು ಎಂದು ಗೊತ್ತಾಗಲಿಲ್ಲವಲ್ಲ, ಆ ಸಂಕಟ ದೊಡ್ಡದಿತ್ತು.

ಆಮೇಲೆ ನಿಧಾನವಾಗಿ ಅರ್ಥವಾಯಿತು. ತಯಾರಿ ಎಲ್ಲೂ ಹೋಗಿರಲಿಲ್ಲ. ನಾನು ಗುರಿ ಇಟ್ಟಿದ್ದು ಪುಣೆಯ ಹವೆಗೆ, ಓಡಿದ್ದು ಮುಂಬೈ ಹವೆಯಲ್ಲಿ. ಬಟ್ಟೆಯದ್ದೂ ಅದೇ ಕತೆ.

ನೋಡಿ, ಪುಣೆ ಇರುವುದು ಸಮುದ್ರ ಮಟ್ಟಕ್ಕಿಂತ ಸುಮಾರು 560 ಮೀಟರ್ ಎತ್ತರದಲ್ಲಿ. ಚಳಿಗಾಲದ ರಾತ್ರಿ ಆಕಾಶ ನಿರ್ಮಲವಾಗಿರುತ್ತದೆ, ಗಾಳಿ ಒಣಗಿರುತ್ತದೆ, ನೆಲ ಬೇಗ ತಣ್ಣಗಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ತಾಪ 11, 12 ಡಿಗ್ರಿ ಸಾಮಾನ್ಯ. ಕೆಲವು ದಿನ 9ಕ್ಕೂ ಇಳಿಯುತ್ತದೆ. ಅದೂ ಊರೆಲ್ಲ ಒಂದೇ ಥರ ಇರುವುದಿಲ್ಲ. ಪಾಷಾಣ್, ಎನ್‌ಡಿಎ (ಮಿಲಿಟರಿ ಅಕಾಡೆಮಿ) ಕಡೆ ಹಲ್ಲು ಕಟಕಟ ಅನ್ನುವಾಗ ಕೋರೆಗಾಂವ್ ಪಾರ್ಕ್, ಮಗರ್‌ಪಟ್ಟಾದಲ್ಲಿ ಮೂರು ನಾಲ್ಕು ಡಿಗ್ರಿ ಜಾಸ್ತಿ ಇರುತ್ತದೆ. ನಮ್ಮ ಊರಲ್ಲೇ ಹವಾಮಾನ ಇಲಾಖೆಯ ದೊಡ್ಡ ಕಚೇರಿ ಇದೆ ಅಲ್ವಾ, ಶಿವಾಜಿನಗರದಲ್ಲಿ. 1928ರಲ್ಲಿ ಶಿಮ್ಲಾದಿಂದ ಇಲ್ಲಿಗೆ ಬಂದ ಕಾರಣಕ್ಕೆ ಇವತ್ತಿಗೂ ಜನ ಅದನ್ನು ಶಿಮ್ಲಾ ಆಫೀಸ್ ಅಂತಲೇ ಕರೆಯುತ್ತಾರೆ. ಆ ಹೆಸರು ಕೇಳಿದಾಗಲೆಲ್ಲ ನನಗೆ ಚಳಿ ಒಂದು ಡಿಗ್ರಿ ಹೆಚ್ಚಾದ ಹಾಗೆ ಅನ್ನಿಸುತ್ತದೆ.

ಮುಂಬೈನಲ್ಲಿ ಹಾಗಲ್ಲ. ಸಮುದ್ರ ಪಕ್ಕದಲ್ಲೇ ಇದೆ. ಕೊಲಾಬಾ ಕಡೆ ಜನವರಿಯ ನಸುಕಿನಲ್ಲೂ ತಾಪ 19ರ ಆಸುಪಾಸು ಇರುತ್ತದೆ, ಗಾಳಿಯಲ್ಲಿ ತೇವ ಜಾಸ್ತಿ. ಓಡುವಾಗ ಮೈ ತಣ್ಣಗಾಗುವುದು ಬೆವರು ಬರುವುದರಿಂದ ಅಲ್ಲ, ಬಂದ ಬೆವರು ಆರುವುದರಿಂದ. ಗಾಳಿಯಲ್ಲಿ ತೇವ ತುಂಬಿದ್ದರೆ ಬೆವರು ಆರುವುದಿಲ್ಲ, ಸುಮ್ನೆ ಹರಿದು ಹೋಗುತ್ತದೆ. ಆಗ ಮೈ ತಂಪು ಮಾಡಲು ಹೃದಯ ಚರ್ಮದ ಕಡೆಗೂ ರಕ್ತ ಕಳಿಸಬೇಕು, ಕಾಲಿನ ಕಡೆಗೂ ಕಳಿಸಬೇಕು. ಅದೇ ಪೇಸ್‌ನಲ್ಲಿ ಎದೆ ಬಡಿತ ಹತ್ತು ಹದಿನೈದು ಮೇಲೆ ಹೋಗುವುದು ಇದರಿಂದಲೇ. ನನ್ನ ಕಾಲಿನಲ್ಲಿ ದೋಷ ಇರಲಿಲ್ಲ. ಆ ಹವೆಗೆ ನಾನು ತಯಾರಾಗಿರಲಿಲ್ಲ ಅಷ್ಟೇ.

ಈ ಸಲ ಗುರಿ ಇಡುವಾಗ ಮೊದಲು ನನ್ನ ಈಗಿನ ಸ್ಥಿತಿ ಏನು ಎಂದು ನೋಡಿದೆ. ಆಸೆಯಿಂದ ಶುರು ಮಾಡಲಿಲ್ಲ. ಹೋದ ಭಾನುವಾರ ಯೂನಿವರ್ಸಿಟಿಯಲ್ಲಿ 10 ಕಿಲೋಮೀಟರ್ ಪೂರ್ತಿ ಜೋರು ಹಾಕಿ ಓಡಿದೆ. 64 ನಿಮಿಷ ಆಯಿತು. ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಎಷ್ಟು ಜಾಸ್ತಿ ಎಂಬುದನ್ನು ಅದು ಹೇಳುತ್ತದೆ. ಹತ್ತರಿಂದ ಹಾಫ್‌ಗೆ ಬರುವವರು 10 ಕಿಲೋಮೀಟರಿನ ಸಮಯವನ್ನು 2.2ರಿಂದ ಗುಣಿಸಿದರೆ ಸಾಕು. ನನ್ನ 64 ನಿಮಿಷಕ್ಕೆ ಅದು ಸುಮಾರು 2 ಗಂಟೆ 21 ನಿಮಿಷ ಅನ್ನುತ್ತದೆ. ಆದರೆ ಇದೂ ಪುಣೆಯ ತಂಪಿನ ಲೆಕ್ಕ, ಜೊತೆಗೆ ಹಾಫ್‌ಗೆ ಬೇಕಾದಷ್ಟು ದೂರ ಓಡಿ ಅಭ್ಯಾಸ ಇದ್ದವರ ಲೆಕ್ಕ. ಮುಂಬೈನ ತೇವಕ್ಕೆ, ಪೆಡರ್ ರೋಡಿಗೆ ಎಂದು ನಾನು ಏಳು ನಿಮಿಷ ಸೇರಿಸಿದೆ. 2:28. ಕಿಲೋಮೀಟರಿಗೆ 7 ನಿಮಿಷದ ಹತ್ತಿರ. ಇದು ನನ್ನ ಗುರಿ. ಆ ದಿನ ಹವೆ ತಂಪಾಗಿದ್ದರೆ, ಹಾಜಿ ಅಲಿವರೆಗೆ ಉಸಿರು ಹಿಡಿತದಲ್ಲಿದ್ದರೆ 2:22ಕ್ಕೆ ಕೈ ಹಾಕುತ್ತೇನೆ. ಸೆಕೆ ಜಾಸ್ತಿ ಇದ್ದರೆ ಪೆಡರ್ ರೋಡನ್ನು ನಡೆಯದೆ ಓಡಿ ಹತ್ತುವುದೇ ಗುರಿ, ಗಡಿಯಾರ ನೋಡುವುದಿಲ್ಲ.

ಇದೆಲ್ಲ ಜನವರಿಯ ಒಂದು ದಿನದ ಮಾತಾಯಿತು. ನನಗೆ ಅದಕ್ಕಿಂತ ಮುಖ್ಯವಾದ ಗುರಿ ಈ ಹತ್ತು ವಾರದ್ದು. ವಾರಕ್ಕೆ ನಾಲ್ಕು ದಿನ ಓಡಬೇಕು. ಆ ನಾಲ್ಕರಲ್ಲಿ ಮೂರು ದಿನ ನಿಧಾನ, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗುವಷ್ಟು ನಿಧಾನ. ನನಗೆ ಅದು ಕಿಲೋಮೀಟರಿಗೆ 7:40, 8 ನಿಮಿಷ. ಚಳಿಯಲ್ಲಿ ಇದು ಕಷ್ಟ, ಯಾಕೆಂದರೆ ತಂಪಿನಲ್ಲಿ ಜೋರು ಓಡಿದರೂ ಸುಲಭ ಅನ್ನಿಸುತ್ತದೆ. ಹೋದ ವರ್ಷ ನಾನು ಬಿದ್ದಿದ್ದು ಇದೇ ಹಳ್ಳಕ್ಕೆ. ದಿನಾ ಸ್ವಲ್ಪ ಜೋರು, ದಿನಾ ಖುಷಿ, ಕೊನೆಗೆ ದಿನಾ ಸ್ವಲ್ಪ ಸುಸ್ತು. ಈ ಸಲ ಭಾನುವಾರದ ಲಾಂಗ್ ರನ್ 10ರಿಂದ ಶುರು ಮಾಡಿ, ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಇಳಿಸಿ, ಜನವರಿ ಹೊತ್ತಿಗೆ 17, 18ಕ್ಕೆ ತಂದು ಬಿಡುತ್ತೇನೆ. ಓಟಕ್ಕೆ ಮೊದಲಿನ ಎರಡು ವಾರ ಕಡಿಮೆ. ಫ್ರಿಜ್ ಮೇಲೆ ಈ ಸಲ ಟೈಮ್ ಬರೆದ ಚೀಟಿ ಇಲ್ಲ. ಹತ್ತು ವಾರದ ನಲವತ್ತು ಮನೆ ಇರುವ ಒಂದು ಹಾಳೆ ಇದೆ, ಓಡಿದ ದಿನ ಮಗಳು ಅದರಲ್ಲಿ ಕುಂಕುಮದ ಚುಕ್ಕಿ ಇಡುತ್ತಾಳೆ.

ಗುರಿ ಅಂದಾಗ ನನಗೆ ಯಾವಾಗಲೂ ಲಲಿತಾ ಬಾಬರ್ ನೆನಪಾಗುತ್ತಾರೆ. ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಮೋಹಿ ಎಂಬ ಹಳ್ಳಿಯವರು. ಮುಂಬೈ ಮ್ಯಾರಥಾನ್‌ನಲ್ಲಿ ಭಾರತೀಯ ಮಹಿಳೆಯರಲ್ಲಿ ಮೊದಲು ಬಂದವರು. ಅಷ್ಟು ಗೆದ್ದ ಮೇಲೆ ಅವರು ಮ್ಯಾರಥಾನ್ ಬಿಟ್ಟು ಅಡ್ಡಗಟ್ಟೆ, ನೀರಿನ ಗುಂಡಿ ಹಾರಿ ಓಡುವ 3000 ಮೀಟರ್ ಸ್ಟೀಪಲ್‌ಚೇಸ್‌ಗೆ ಹೋದರು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಫೈನಲ್ ಮುಟ್ಟಿ 10ನೆಯವರಾದರು. ಗೆಲ್ಲುತ್ತಿದ್ದ ಓಟವನ್ನೇ ಬಿಟ್ಟು ಬೇರೆ ಓಟ ಆರಿಸಿಕೊಳ್ಳಲು ಎಷ್ಟು ಧೈರ್ಯ ಬೇಕು! ಬೆಳಗಾವಿಯ ಗೆಳತಿಗೆ ನಾನು ಅದನ್ನೇ ಹೇಳಿದೆ. ಅವಳು ಈಗಷ್ಟೇ ಓಡಲು ಶುರು ಮಾಡಿದ್ದಾಳೆ. ಎಲ್ಲರೂ ಹಾಫ್ ಅನ್ನುತ್ತಾರೆ ಅಂತ ಅವಳೂ ಹಾಫ್ ಅನ್ನುತ್ತಿದ್ದಳು. ನಿಲ್ಲದೆ 5 ಕಿಲೋಮೀಟರ್ ಓಡುವುದು ಈ ಚಳಿಗಾಲದ ಪೂರ್ತಿ ಗುರಿ ಆಗಬಹುದು, ಅದು ಸಣ್ಣದಲ್ಲ. ಈಗ ಒಪ್ಪಿದ್ದಾಳೆ.

ಇನ್ನು ಸಾಮಾನಿನ ವಿಷಯ.

ಇಂಟರ್ನೆಟ್‌ನಲ್ಲಿ ಚಳಿಗಾಲದ ಓಟದ ಬಟ್ಟೆ ಎಂದು ಹುಡುಕಿದರೆ ಸಿಗುವುದೆಲ್ಲ ಹಿಮ ಬೀಳುವ ದೇಶದವರು ಬರೆದಿದ್ದು. ಮೂರು ಪದರ, ಉಣ್ಣೆಯ ಒಳಬಟ್ಟೆ, ಮುಖ ಮುಚ್ಚುವ ಮಾಸ್ಕ್. ಅದನ್ನು ಓದಿ ಪುಣೆಯಲ್ಲಿ ಖರೀದಿ ಮಾಡಿದರೆ ಎರಡನೇ ಕಿಲೋಮೀಟರಿಗೆ ಎಲ್ಲ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬೇಕಾಗುತ್ತದೆ. ಓಡುವವರಲ್ಲಿ ಒಂದು ಹಳೆಯ ಲೆಕ್ಕ ಇದೆ: ಹೊರಗೆ ಇರುವ ತಾಪಕ್ಕಿಂತ ಸುಮಾರು 10 ಡಿಗ್ರಿ ಜಾಸ್ತಿ ಇದೆ ಎಂದುಕೊಂಡು ಬಟ್ಟೆ ಹಾಕಿಕೊಳ್ಳಿ. ಬೆಳಿಗ್ಗೆ 11 ಇದ್ದರೆ 21 ಇದೆ ಎಂದುಕೊಳ್ಳಿ. ಮನೆ ಬಿಟ್ಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಆಗಲೇಬೇಕು. ಆಗ ಬೆಚ್ಚಗಿದ್ದರೆ ನೀವು ಜಾಸ್ತಿ ಹಾಕಿಕೊಂಡಿದ್ದೀರಿ.

ಹತ್ತಿಯ ಟೀ ಶರ್ಟ್ ಮಾತ್ರ ಬೇಡ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಚಳಿಯಲ್ಲಿ ಹತ್ತಿ ಬೆವರು ಹೀರಿ ಹಿಡಿದಿಟ್ಟುಕೊಂಡು, ಓಟ ನಿಲ್ಲಿಸಿದ ಕೂಡಲೇ ಬೆನ್ನ ಮೇಲೆ ಒದ್ದೆ ಟವೆಲ್ ಹೊದಿಸಿದ ಹಾಗೆ ಆಗುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್ ಎರಡು ಸಾಕು. ಅರ್ಧ ತೋಳಿನದ್ದೇ ತಗೊಳ್ಳಿ, ಜೊತೆಗೆ ಆರ್ಮ್ ಸ್ಲೀವ್ಸ್, ಅಂದರೆ ಕೈಗೆ ಏರಿಸಿಕೊಳ್ಳುವ ಬಿಡಿ ತೋಳು. ನಾನು ಈ ಸಲ ಮಾಡಿದ ಒಂದೇ ದೊಡ್ಡ ಬದಲಾವಣೆ ಇದು. ಪೂರ್ತಿ ತೋಳಿನ ಟೀ ಶರ್ಟ್ ಅನ್ನು ದಾರಿಯಲ್ಲಿ ಬಿಚ್ಚಲು ಆಗುವುದಿಲ್ಲ. ಆರ್ಮ್ ಸ್ಲೀವ್ಸ್ ಆದರೆ ಮೂರನೇ ಕಿಲೋಮೀಟರಿಗೆ ಮಣಿಕಟ್ಟಿಗೆ ಇಳಿಸಬಹುದು, ಐದನೆಯದಕ್ಕೆ ಜೇಬಿಗೆ ಹಾಕಬಹುದು. ಮುಂಬೈಗೂ ಅದೇ ಟೀ ಶರ್ಟ್ ಆಗುತ್ತದೆ, ಸ್ಲೀವ್ಸ್ ಮನೆಯಲ್ಲಿ ಬಿಟ್ಟರೆ ಆಯಿತು.

ಬೆರಳಿಗೆ ಚಳಿ ಬೇಗ ಹತ್ತುತ್ತದೆ, ಅದಕ್ಕೆ ತೆಳು ಗ್ಲೋವ್ಸ್ ಒಂದು ಜೊತೆ. ತುಳಶೀಬಾಗ್‌ನಲ್ಲಿ ಸಿಗುವ ಸಾದಾ ಗ್ಲೋವ್ಸ್ ನನಗೆ ಮೂರನೇ ವರ್ಷ ಬರುತ್ತಿದೆ. ಕಿವಿಗೆ ಒಂದು ಬಫ್, ಕೊಳವೆಯ ಹಾಗೆ ಇರುವ ತೆಳು ಬಟ್ಟೆ. ಅದನ್ನು ಕುತ್ತಿಗೆಗೂ ಹಾಕಬಹುದು, ಬೆವರೂ ಒರೆಸಬಹುದು. ಕಾಲಿಗೆ ನಾನು ಉದ್ದ ಟೈಟ್ಸ್ ಹಾಕುತ್ತೇನೆ, ಆದರೆ ಅದು ಅವರವರ ಇಷ್ಟ. ತೊಡೆ ಉಜ್ಜಿ ಗಾಯ ಆಗುವವರಿಗೆ ಟೈಟ್ಸ್ ಒಳ್ಳೆಯದು, ಇಲ್ಲದಿದ್ದರೆ ವ್ಯಾಸಲಿನ್ ಹಚ್ಚಿಕೊಳ್ಳಿ.

ಹೆಂಗಸರಿಗೆ ಒಂದು ಮಾತು. ಖರ್ಚು ಮಾಡುವುದಿದ್ದರೆ ಮೊದಲು ಶೂಗೆ, ಎರಡನೆಯದು ಸ್ಪೋರ್ಟ್ಸ್ ಬ್ರಾಗೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನನಗೂ ಯಾರೂ ಹೇಳಿರಲಿಲ್ಲ. ಎರಡು ವರ್ಷ ಸಾದಾ ಬ್ರಾದಲ್ಲೇ ಓಡಿ, ಹೆಗಲು ನೋವು, ಪಟ್ಟಿಯ ಕೆಳಗೆ ಗಾಯ, ಎಲ್ಲ ಸಹಜ ಅಂತ ತಿಳಿದುಕೊಂಡಿದ್ದೆ. ಅಂಗಡಿಯಲ್ಲಿ ಹಾಕಿ ನೋಡುವಾಗ ಅಲ್ಲೇ ನಿಂತು ಹತ್ತು ಸಲ ಹಾರಿ ನೋಡಿ. ಕೆಳಗಿನ ಪಟ್ಟಿ ಬಿಗಿಯಾಗಿರಬೇಕು ಆದರೆ ಪೂರ್ತಿ ಉಸಿರು ಎಳೆದುಕೊಳ್ಳಲು ಆಗಬೇಕು. ಹೆಗಲ ಪಟ್ಟಿ ಚರ್ಮಕ್ಕೆ ಕೊರೆಯಬಾರದು. ನಾಚಿಕೆ ಬೇಡ.

ಈಗ ಜಾಕೆಟ್. ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಪುಣೆಯಲ್ಲಿ ಜಾಕೆಟ್ ಬೇಕಾಗುವುದು ಓಡಲು ಅಲ್ಲ, ಸ್ಕೂಟಿಗೆ. ಭಾನುವಾರ ನಾವು ಓಡಲು ಯೂನಿವರ್ಸಿಟಿಗೋ ಪಾಷಾಣ್‌ಗೋ ತಳಜಾಯಿಗೋ ಹೋಗುವುದು ಸ್ಕೂಟಿ ಮೇಲೆ ಅಲ್ವಾ. ಹೋಗುವಾಗ ಒಣ ಮೈ, ಹೇಗೋ ಆಗುತ್ತದೆ. ವಾಪಸ್ ಬರುವಾಗ ಮೈಯೆಲ್ಲ ಬೆವರು, 40 ಕಿಲೋಮೀಟರ್ ವೇಗದ ಗಾಳಿ ನೇರ ಎದೆಗೆ. ಎರಡು ವರ್ಷದ ಹಿಂದೆ ನನಗೆ ಡಿಸೆಂಬರ್ ಪೂರ್ತಿ ಕೆಮ್ಮು ಇತ್ತು, ಕತ್ತು ಹಿಡಿದುಕೊಂಡಿತ್ತು. ಓಟ ಒಗ್ಗುತ್ತಿಲ್ಲ ಅಂದುಕೊಂಡೆ. ಮನೆಯವರು ಒಂದು ದಿನ, ಬಟ್ಟೆ ಬದಲಿಸಿ ಗಾಡಿ ಹತ್ತು, ಅಂದರು. ಅಂದಿನಿಂದ ಸ್ಕೂಟಿಯ ಡಿಕ್ಕಿಯಲ್ಲಿ ಒಂದು ಚೀಲ ಖಾಯಂ: ಒಣ ಟೀ ಶರ್ಟ್, ಸಣ್ಣ ಟವೆಲ್, ವಿಂಡ್‌ಚೀಟರ್, ಒಂದು ಓಢಣಿ. ಓಟ ಮುಗಿದ ಐದು ನಿಮಿಷದಲ್ಲಿ ಒದ್ದೆ ಬಟ್ಟೆ ಬದಲಾಗಬೇಕು. ಯೂನಿವರ್ಸಿಟಿಯ ಹೊರಗೆ ಚಹಾ ಕುಡಿಯುವುದೂ ಆಮೇಲೆಯೇ. ಕುತ್ತಿಗೆ ನೋವು ಮತ್ತೆ ಬಂದಿಲ್ಲ. ಧಾರವಾಡದಿಂದ ಅವ್ವ ಕಳಿಸಿದ ಹಳೆಯ ಸ್ವೆಟರ್ ಕೂಡ ಈಗ ಆ ಚೀಲದಲ್ಲೇ ಇದೆ. ಸಾವಿರಾರು ರೂಪಾಯಿಯ ಓಟದ ಜಾಕೆಟ್ ಮಾಡುವ ಕೆಲಸವನ್ನು ಅದು ಮಾಡುತ್ತದೆ.

ಶೂ ವಿಷಯದಲ್ಲಿ ನಾನು ಹೇಳುವುದು ಕಡಿಮೆ, ಯಾಕೆಂದರೆ ನನ್ನ ಪಾದ ನಿಮ್ಮ ಪಾದ ಅಲ್ಲ. ಸಂಜೆ ಹೋಗಿ ಕೊಳ್ಳಿ, ದಿನವಿಡೀ ನಿಂತು ನಡೆದು ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಒಂದು ಜೊತೆ ಶೂ ಸುಮಾರು 500ರಿಂದ 800 ಕಿಲೋಮೀಟರ್ ಬರುತ್ತದೆ, ಆಮೇಲೆ ಮೇಲೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ಸತ್ತಿರುತ್ತದೆ. ಹಾಗಾಗಿ ಜನವರಿಯ ಓಟಕ್ಕೆ ಹೊಸ ಶೂ ಬೇಕಿದ್ದರೆ ಡಿಸೆಂಬರ್ ಮೊದಲ ವಾರ ಕೊಂಡು, ಒಂದೆರಡು ಲಾಂಗ್ ರನ್ ಅದರಲ್ಲೇ ಓಡಿ. ಕಾರ್ಬನ್ ಪ್ಲೇಟ್ ಇರುವ ದುಬಾರಿ ಶೂ ಬಗ್ಗೆ ಆಫೀಸಿನ ಹುಡುಗಿ ಕೇಳಿದಳು. ಮೊದಲ ಹಾಫ್‌ಗೆ ಬೇಡ ಅಂದೆ. ಆ ದುಡ್ಡಿನಲ್ಲಿ ಎರಡು ಜೊತೆ ಒಳ್ಳೆಯ ಸಾದಾ ಶೂ ಬರುತ್ತವೆ, ದಿನ ಬಿಟ್ಟು ದಿನ ಬದಲಿಸಿ ಹಾಕಬಹುದು.

ಟೇಕಡಿಯಲ್ಲಿ, ಅಂದರೆ ಗುಡ್ಡದಲ್ಲಿ, ಓಡುವವರಿಗೆ ಮಾತ್ರ ಬೇರೆ ಮಾತು. ವೇತಾಳ್ ಟೇಕಡಿ ಈ ಊರಿನ ಅತಿ ಎತ್ತರದ ಜಾಗ, ಸುಮಾರು 800 ಮೀಟರ್. ಮಳೆಗಾಲ ಮುಗಿದ ಮೇಲೆ ಅಲ್ಲಿನ ಹುಲ್ಲು ಒಣಗಿ, ಗರಸು ಮಣ್ಣು ಸಡಿಲಾಗಿ, ಇಳಿಯುವಾಗ ಕಾಲ ಕೆಳಗೆ ಜೋಳ ಚೆಲ್ಲಿದ ಹಾಗೆ ಆಗುತ್ತದೆ. ತಳ ಸವೆದ ರಸ್ತೆ ಶೂ ಹಾಕಿಕೊಂಡು ಅಲ್ಲಿ ಇಳಿಯಬೇಡಿ. ಆದರೆ ಟೇಕಡಿ ಬಿಡಬೇಡಿ. ನಮ್ಮ ಊರಿನ ರಸ್ತೆಗಳೆಲ್ಲ ಈಗ ಸಿಮೆಂಟ್ ಆಗಿವೆ, ವಾರಕ್ಕೆ ಒಂದು ದಿನವಾದರೂ ಕಾಲಿಗೆ ಮಣ್ಣು ಸಿಗಲಿ. ಪೆಡರ್ ರೋಡಿಗೆ ತಯಾರಿಯೂ ಅಲ್ಲೇ. ಬುಧವಾರ ಮಹಾತ್ಮಾ ಸೊಸೈಟಿ ಕಡೆಯ ಏರನ್ನು ಆರು ಸಲ ಹತ್ತಿ ಇಳಿಯುತ್ತೇನೆ, ಹತ್ತುವಾಗ ಸಣ್ಣ ಹೆಜ್ಜೆ, ಇಳಿಯುವಾಗ ನಡಿಗೆ.

ಬೆಳಕಿನ ವಿಷಯ ಹೇಳಲೇಬೇಕು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ 7 ಗಂಟೆ ದಾಟಿದ ಮೇಲೆ. ಐದೂವರೆಗೆ ಹೊರಟರೆ ಒಂದೂವರೆ ಗಂಟೆ ಕತ್ತಲೆ. ಕಪ್ಪು ಬಟ್ಟೆ ಬೇಡ, ತಿಳಿ ಬಣ್ಣದ್ದು ಹಾಕಿ. ಬೆನ್ನಿಗೆ ಸೈಕಲ್‌ನವರು ಹಾಕುವ ಕೆಂಪು ಮಿಣುಕು ದೀಪ ಸಿಕ್ಕಿಸಿಕೊಳ್ಳಿ, ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಗಾಡಿಗಳಿಗೆ ಎದುರಾಗಿ ಓಡಿ, ಬರುವ ಗಾಡಿ ನಿಮಗೆ ಕಾಣಬೇಕು. ಹೆಡ್‌ಲ್ಯಾಂಪ್ ನಾನು ಬಳಸುವುದು ಗುಂಡಿ ನೋಡಲು, ನಾಯಿಗಳು ಎಲ್ಲಿ ಮಲಗಿವೆ ಎಂದು ನೋಡಲು. ನಾಯಿ ಬೊಗಳಿದರೆ ಓಡಬೇಡಿ, ನಿಲ್ಲಿ, ನಡೆದು ದಾಟಿ. ಒಬ್ಬರೇ ಇದ್ದರೆ ಎರಡೂ ಕಿವಿಗೆ ಇಯರ್‌ಫೋನ್ ಬೇಡ. ನಾನು ವಾರದ ದಿನ ವೈನಿ ಜೊತೆಗೇ ಹೊರಡುತ್ತೇನೆ. ಅವರು ನಡೆಯುತ್ತಾರೆ, ನಾನು ಅದೇ ಒಂದು ಕಿಲೋಮೀಟರ್ ಸುತ್ತು ಓಡುತ್ತೇನೆ, ಪ್ರತಿ ಸುತ್ತಿಗೂ ಒಬ್ಬರಿಗೊಬ್ಬರು ಕಾಣುತ್ತೇವೆ.

ಗಾಳಿ ನನಗೆ ನಿಜವಾಗಿ ಬೇಸರ ತರುವ ವಿಷಯ. ಚಳಿಗಾಲದ ಬೆಳಗಿನ ಗಾಳಿ ಶುದ್ಧ ಎಂದು ನಾವೆಲ್ಲ ಅಂದುಕೊಂಡು ಬೆಳೆದವರು. ಊರಲ್ಲಿ ಹಾಗೆ ಇರಲೂಬಹುದು. ಇಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಒತ್ತಿಕೊಂಡು ಕೂತಿರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳದ ಹಾಗೆ. ಗಾಡಿ ಹೊಗೆ, ಕಟ್ಟಡದ ಧೂಳು, ವಾಚ್‌ಮನ್‌ಗಳು ಕಾಯಿಸಿಕೊಳ್ಳಲು ಹಾಕುವ ಬೆಂಕಿ, ರಸ್ತೆ ಗುಡಿಸಿ ಸುಡುವ ಎಲೆ, ಎಲ್ಲ ಆ ಮುಚ್ಚಳದ ಕೆಳಗೇ. ಬಿಸಿಲು ಬಂದು ನೆಲ ಕಾದ ಮೇಲೆ ಅದು ಮೇಲೆದ್ದು ಚೆದುರುತ್ತದೆ. ಪಾಷಾಣ್‌ನಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆ ನಡೆಸುವ ಸಫರ್ ಎಂಬ ಮಾಹಿತಿ ಸೇವೆಯಲ್ಲಿ ಗಾಳಿ ಎಷ್ಟು ಕೆಟ್ಟಿದೆ ಎಂಬ ಅಂಕಿ ಸಿಗುತ್ತದೆ, ಹಿಂದಿನ ರಾತ್ರಿಯೇ ನೋಡುತ್ತೇನೆ. ಕೆಟ್ಟದಿದ್ದರೆ ಜೋರು ಓಟ ಇಲ್ಲ, ಅಥವಾ ಎಂಟು ಗಂಟೆ ಮೇಲೆ ಟೇಕಡಿಗೆ ಹೋಗುತ್ತೇನೆ. ನಮ್ಮ ವಾಚ್‌ಮನ್ ಕಾಕಾ ಟಯರ್ ತುಂಡು ಸುಡುತ್ತಿದ್ದರು. ಅವರಿಗೆ ಸುಡಬೇಡಿ ಎಂದು ಹೇಳುವ ಮೊದಲು ಸೊಸೈಟಿಯವರೆಲ್ಲ ಸೇರಿ ಒಂದು ದಪ್ಪ ಸ್ವೆಟರ್, ಕಂಬಳಿ ಕೊಟ್ಟೆವು. ಈಗ ಸುಡುವುದಿಲ್ಲ.

ಚಳಿಯಲ್ಲಿ ಬಾಯಾರಿಕೆ ಆಗುವುದಿಲ್ಲ, ಆದರೂ ನೀರು ಕುಡಿಯಿರಿ. ಒಂದು ಗಂಟೆ ಮೇಲೆ ಓಡುವ ದಿನ ನಾನು ಚಿಟಿಕೆ ಉಪ್ಪು, ನಿಂಬೆ, ಬೆಲ್ಲದ ನೀರು ಒಯ್ಯುತ್ತೇನೆ. ತಿನ್ನುವ ವಿಷಯದಲ್ಲಿ ಈ ಕಾಲ ನಮ್ಮ ಪಾಲಿಗೆ ಹಬ್ಬ. ರೊಟ್ಟಿ, ಶೇಂಗಾ ಚಟ್ನಿ, ಸೀತನಿ ಅಂದರೆ ಸುಟ್ಟ ಎಳೆ ಜೋಳ, ಇಲ್ಲಿಯವರು ಅದಕ್ಕೆ ಹುರಡಾ ಅನ್ನುತ್ತಾರೆ. ಸಂಕ್ರಾಂತಿ ಆದ ಕೆಲವೇ ದಿನಕ್ಕೆ ಓಟ ಬರುತ್ತದೆ, ಹಾಗಾಗಿ ಶೇಂಗಾ ಹೋಳಿಗೆ ನಮ್ಮ ಮನೆಯಲ್ಲಿ ಲಾಂಗ್ ರನ್‌ನ ಸಾಮಾನೂ ಹೌದು. ಅರ್ಧ ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡು ಎಂಟನೇ ಕಿಲೋಮೀಟರಿಗೆ ತಿನ್ನುತ್ತೇನೆ.

ಈಗ ಮುಖ್ಯ ವಿಷಯ, ಹೋದ ವರ್ಷ ನಾನು ಮಾಡದೇ ಇದ್ದದ್ದು. ಮೈ ಸೆಕೆಗೆ ಒಗ್ಗಿಕೊಳ್ಳಲು ಸುಮಾರು 10ರಿಂದ 14 ದಿನ ಬೇಕು. ಹಾಗಾಗಿ ಜನವರಿ ಶುರುವಾದ ಕೂಡಲೇ ವಾರದ ನಿಧಾನ ಓಟಗಳನ್ನು ಬೆಳಗಿನ ಐದೂವರೆಯಿಂದ ಎಂಟೂವರೆಗೆ ತಳ್ಳುತ್ತೇನೆ. ಬಿಸಿಲಿನಲ್ಲಿ, ಆ ಹಳೆಯ ಪೂರ್ತಿ ತೋಳಿನ ಟೀ ಶರ್ಟ್ ಹಾಕಿಕೊಂಡು, 40 ನಿಮಿಷ, ತುಂಬಾ ನಿಧಾನ, ನೀರು ಜೊತೆಗಿಟ್ಟುಕೊಂಡು. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸುವುದು. ಆಫೀಸಿಗೆ ಆ ಹತ್ತು ದಿನ ಒಂದು ತಾಸು ತಡವಾಗಿ ಬರುತ್ತೇನೆ ಎಂದು ಈಗಲೇ ಕೇಳಿಕೊಂಡಿದ್ದೇನೆ. ಒಂದು ಸಾಮಾನು ಕೊಂಡು ತಂದರೆ ಆಗುವ ಕೆಲಸ ಅಲ್ಲ ಇದು, ದಿನ ಕೊಡಬೇಕು.

ಓಟದ ಹಿಂದಿನ ದಿನ ಡೆಕ್ಕನ್ ಕ್ವೀನ್ ಹಿಡಿದು ಮುಂಬೈಗೆ. ಮಾಟುಂಗದಲ್ಲಿ ಮೌಶಿ ಮನೆ ಇದೆ. ಅಲ್ಲಿಂದ ಮಾಹಿಮ್ ಹತ್ತಿರ, ಊಟಕ್ಕೆ ನಮ್ಮ ಅನ್ನ ಸಾರು. ಹೋದ ವರ್ಷ ಆ ಮನೆಯಲ್ಲಿ ಮಲಗಿದಾಗ ಇಡೀ ರಾತ್ರಿ ಫ್ಯಾನ್ ತಿರುಗುತ್ತಿತ್ತು. ನಾನು ಹೊದಿಕೆ ಕಾಲ ಕೆಳಗೆ ತಳ್ಳಿದ್ದೆ. ಅದನ್ನು ನೋಡಿಯೂ ಬೆಳಿಗ್ಗೆ ಪೂರ್ತಿ ತೋಳಿನ ಟೀ ಶರ್ಟ್ ಹಾಕಿಕೊಂಡೆನಲ್ಲ ಎಂದು ಆಮೇಲೆ ಎಷ್ಟೋ ಸಲ ನೆನಪಾಗಿದೆ.

ಮೊನ್ನೆ ಮೌಶಿಗೆ ಫೋನ್ ಮಾಡಿ ಕೇಳಿದೆ, ಅಲ್ಲಿ ಚಳಿ ಶುರುವಾಯಿತಾ ಎಂದು. "ಎಲ್ಲಿ ಚಳಿನವಾ, ಫ್ಯಾನ್ ಇಲ್ದ ನಿದ್ದಿ ಹತ್ತೂದಿಲ್ಲ ಇಲ್ಲೆ" ಅಂದರು. ಜನವರಿಯಲ್ಲಿ ಶುಕ್ರವಾರ ರಾತ್ರಿ ಇದೇ ಪ್ರಶ್ನೆ ಮತ್ತೆ ಕೇಳುತ್ತೇನೆ. ಫ್ಯಾನ್ ಬಂದ್ ಆಗಿದೆ ಅಂದರೆ 2:22ಕ್ಕೆ ಹೊರಡುತ್ತೇನೆ. ತಿರುಗುತ್ತಿದೆ ಅಂದರೆ ಮೊದಲ ಹೆಜ್ಜೆಯಿಂದಲೇ ಕಿಲೋಮೀಟರಿಗೆ 7 ನಿಮಿಷ.